ಹತ್ತು ಮಂದಿ ಸೇರಿದರೆ ಸಭೆ



ಸ್ವಯಂಸೇವೆ ಎಂದರೇನೆಂದು ನಾಪೋಕ್ಲುವಿನಂಥ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಕ್ಕಡ ಮಾಸದ ಮಳೆಗೆ ಕಾವೇರಿ ತುಂಬಿ ರಸ್ತೆಯ ಮೇಲೆ ಹರಿದಾಗ, ಆಚೆ ದಡದ ಮನೆಗೆ ಔಷಧಿ ತಲುಪಿಸುವವನು ಸರ್ಕಾರದ ಆದೇಶಕ್ಕಾಗಿ ಕಾಯುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದಾಗ, ಅಲ್ಲಿ ಅನ್ನ ಬೇಯಿಸಿ ಬಡಿಸಿದವರ ಜಾತಿ ಮತಗಳನ್ನು ಯಾರೂ ಕೇಳಲಿಲ್ಲ. ಅದೇ 2018ರಲ್ಲಿ, ಮತ್ತೆ 2023ರಲ್ಲಿ, ಕೊಡವ ಕುಟುಂಬಗಳ ಹಾಕಿ ಹಬ್ಬ ನಾಪೋಕ್ಲುವಿನಲ್ಲಿ ನಡೆಯಿತು. ಮುನ್ನೂರಕ್ಕೂ ಹೆಚ್ಚು ತಂಡಗಳ ಅಷ್ಟು ದೊಡ್ಡ ಕೂಟದ ಹೊಣೆಯನ್ನು ಒಂದೊಂದು ವರ್ಷ ಒಂದೊಂದು ಒಕ್ಕ ಹೊರುತ್ತದೆ.

ಇವೆಲ್ಲ ಆಪತ್ತಿನ ಸೇವೆ ಇಲ್ಲವೇ ಹಬ್ಬದ ಸೇವೆ. ಮಳೆ ನಿಂತು, ಪಂದ್ಯ ಮುಗಿದ ಮೇಲೆ ಉಳಿದ ಮುನ್ನೂರು ದಿನಗಳ ಮಾತೇನು? ತೋಟದ ಲೈನಿನಲ್ಲಿ ಒಬ್ಬಂಟಿಯಾಗಿ ಮಲಗಿರುವ ಮುದುಕಿಯನ್ನು ನೋಡಿಬರುವವರು ಯಾರು? "ಸ್ವಾಮಿಗಳಿದ್ದಾರಲ್ಲ, ಸಿಸ್ಟರ್ಸ್ ಇದ್ದಾರಲ್ಲ" ಎಂಬುದು ನಮ್ಮ ಬಾಯಿಗೆ ಸುಲಭವಾಗಿ ಬರುವ ಉತ್ತರ. ಹೀಗೆ ಉತ್ತರಿಸಲು ಆಸ್ಪದವೇ ಇಲ್ಲದಂತೆ ತನ್ನ ಧಾರ್ಮಿಕ ಜೀವನವನ್ನು ಕಟ್ಟಿಕೊಂಡ ಒಂದು ಜನಾಂಗವಿದೆ. ಅದು ಯೆಹೂದ್ಯ ಜನಾಂಗ. ಯೇಸುಸ್ವಾಮಿಯೂ ಮಾತೆ ಮರಿಯಳೂ ಹುಟ್ಟಿ ಬೆಳೆದ ಜನಾಂಗ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಆ ಜನರ ಬಗ್ಗೆ ನಮಗಿರಬೇಕಾದ ಗೌರವವನ್ನು ಸ್ಪಷ್ಟಪಡಿಸಿತು. 1986ರ ಏಪ್ರಿಲ್ 13ರಂದು ಪೋಪ್ ಎರಡನೇ ಜಾನ್ ಪೌಲರು ರೋಮ್ ನಗರದ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋಗಿ, ಅವರನ್ನು ಹಿರಿಯ ಸಹೋದರರೆಂದು ಕರೆದರು. ಅಣ್ಣನ ಮನೆಯಲ್ಲಿ ಕೆಲಸಗಳು ಹೇಗೆ ನಡೆಯುತ್ತವೆಂದು ತಮ್ಮನು ತಿಳಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಯೆಹೂದ್ಯರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಗುರುಗಳೇ ಬೇಕೆಂದಿಲ್ಲ. ರಬ್ಬಿ ಎಂದರೆ ಬೋಧಕ, ಧರ್ಮಶಾಸ್ತ್ರ ಬಲ್ಲವನು. ಅವನಿಲ್ಲದಿದ್ದರೂ ಪ್ರಾರ್ಥನೆ ನಿಲ್ಲದು. ಆದರೆ ಹತ್ತು ಮಂದಿ ಇರಲೇಬೇಕು. ಸಂಪ್ರದಾಯದ ಪ್ರಕಾರ 13 ವರ್ಷ ದಾಟಿದ ಹತ್ತು ಗಂಡಸರು. ಇಂದಿನ ಕೆಲವು ಸಭೆಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಒಂಬತ್ತು ಮಂದಿ ಮಹಾಪಂಡಿತರು ಕುಳಿತಿದ್ದರೂ ತೀರಿಹೋದವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಆರಂಭಿಸುವಂತಿಲ್ಲ. ಹತ್ತನೆಯವನಾಗಿ ಬಂದವನು ಅಕ್ಷರ ತಿಳಿಯದ ಕೂಲಿಯಾಗಿದ್ದರೂ ಅವನು ಬಂದ ಕ್ಷಣದಲ್ಲಿ ಸಭೆ ಸಭೆಯಾಗುತ್ತದೆ. ನಮ್ಮಲ್ಲಿ ಬಲಿಪೂಜೆಗೆ ಗುರುಗಳು ಬೇಕೇ ಬೇಕು, ಆ ವ್ಯತ್ಯಾಸ ಇದ್ದೇ ಇದೆ. ಆದರೂ "ನಾನೊಬ್ಬ ಹೋಗದಿದ್ದರೆ ಏನಾಗುತ್ತದೆ?" ಎಂದು ಭಾನುವಾರ ಬೆಳಿಗ್ಗೆ ಕಂಬಳಿ ಎಳೆದುಕೊಳ್ಳುವವರು ಈ ಹತ್ತನೆಯವನನ್ನು ಒಮ್ಮೆ ನೆನೆದುಕೊಂಡರೆ ಒಳ್ಳೆಯದು.

ಮಂಗಳೂರಿನ ವ್ಯಾಪಾರಿ, ಫುಸ್ತಾತಿನ ರೊಟ್ಟಿ

ಕೊಡಗಿನಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಿಲ್ಲ. ಆದರೆ ಘಟ್ಟ ಇಳಿದು ಮಂಗಳೂರಿಗೆ ಹೋದರೆ, ಸುಮಾರು 900 ವರ್ಷಗಳ ಹಿಂದೆ ಅಲ್ಲಿ ಸಂಸಾರ ಹೂಡಿದ್ದ ಒಬ್ಬ ಯೆಹೂದ್ಯನ ಕಥೆ ಸಿಗುತ್ತದೆ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಉತ್ತರ ಆಫ್ರಿಕಾದ ಟುನೀಸಿಯ ದೇಶದ ಮಹ್ದಿಯಾ. ಆಳುಪರ ಕಾಲದ ಮಂಗಳೂರಿನಲ್ಲಿ ಅವನು ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸಿನ ವ್ಯಾಪಾರ ಮಾಡಿದ. ಆಶು ಎಂಬ ಇಲ್ಲಿನ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರ ಅಭಿಪ್ರಾಯ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳು ನಮ್ಮವನೇ, ಬೊಮ್ಮ. ಆ ಹೆಸರಿನ ಗುಟ್ಟನ್ನು ಬಿಡಿಸುವಲ್ಲಿ ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ತುಳುನಾಡಿನ ವಿದ್ವಾಂಸ ಪ್ರೊ. ಬಿ. ಎ. ವಿವೇಕ ರೈ.

ಇಷ್ಟೆಲ್ಲ ನಮಗೆ ತಿಳಿದುಬಂದದ್ದು ಹೇಗೆ? ಅದೂ ಒಂದು ಧಾರ್ಮಿಕ ಪದ್ಧತಿಯಿಂದಲೇ. ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದ್ಯರು ಕಸಕ್ಕೆ ಎಸೆಯುವುದಿಲ್ಲ, ಮಂದಿರದ ಒಂದು ಕೋಣೆಯಲ್ಲಿ ಕೂಡಿಡುತ್ತಾರೆ. ಕೈರೋ ಬಳಿಯ ಫುಸ್ತಾತ್ ನಗರದ ಬೆನ್ ಎಜ್ರಾ ಮಂದಿರದಲ್ಲಿ ಹೀಗೆ ಶತಮಾನಗಳ ಕಾಗದ ರಾಶಿ ಬಿದ್ದಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ಪಂಡಿತರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅದರಲ್ಲಿ ಮಂಗಳೂರಿಗೆ ಬಂದ ಪತ್ರಗಳೂ ಇದ್ದವು. ಏಡನ್ ಬಂದರಿನ ಯೆಹೂದ್ಯ ಮುಖಂಡ ಮದ್ಮೂನ್ ಬೆನ್ ಯಿಜುವಿಗೆ ಬರೆಯುವಾಗ ಸಕ್ಕರೆ, ಒಣದ್ರಾಕ್ಷಿ, ಕಾಗದಗಳನ್ನೂ ಕಳುಹಿಸುತ್ತಿದ್ದ. ಸಮುದ್ರದಾಚೆ ಇದ್ದರೂ ಸಭೆಯು ತನ್ನವನನ್ನು ಮರೆತಿರಲಿಲ್ಲ. ಅವನೂ ತನ್ನವರನ್ನು ಮರೆಯಲಿಲ್ಲ. 1149ರಲ್ಲಿ ಏಡನ್ ತಲುಪಿದ ಮೇಲೆ, ಮಹ್ದಿಯಾ ನಗರವು ಸಿಸಿಲಿಯ ನಾರ್ಮನ್ನರ ವಶವಾಗಿ ತನ್ನ ಮನೆಯವರು ದಿಕ್ಕಾಪಾಲಾದ ಸುದ್ದಿ ಕೇಳಿ, ತನ್ನಲ್ಲಿರುವುದು ಎಲ್ಲರಿಗೂ ಸಾಕಾಗುತ್ತದೆ, ಬನ್ನಿ ಎಂಬರ್ಥದಲ್ಲಿ ಒಡಹುಟ್ಟಿದವರಿಗೆ ಪತ್ರ ಬರೆದ. 1156ರಲ್ಲಿ ಅವನ ಮಗಳು, ನಮ್ಮ ಕರಾವಳಿಯಲ್ಲಿ ಬಾಲ್ಯ ಕಳೆದವಳು, ಅವನ ಸಹೋದರನೊಬ್ಬನ ಮಗನನ್ನು ಫುಸ್ತಾತಿನಲ್ಲಿ ಮದುವೆಯಾದಳು.

ಆ ಫುಸ್ತಾತಿನ ಸಭೆಯ ಲೆಕ್ಕಪತ್ರಗಳೂ ಅದೇ ರಾಶಿಯಲ್ಲಿ ಸಿಕ್ಕಿವೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬಡವರಿಗೆ ರೊಟ್ಟಿ ಹಂಚುತ್ತಿದ್ದರು. ಪಟ್ಟಿಯಲ್ಲಿ ವಿಧವೆಯರು, ಕುರುಡರು, ಅನಾಥರು, ಪರದೇಶದಿಂದ ಓಡಿಬಂದವರು ಎಲ್ಲರೂ ಇದ್ದಾರೆ. ಸಭೆಗೆ ದಾನವಾಗಿ ಬಂದ ಮನೆಗಳ ಬಾಡಿಗೆ ಇಂಥ ಕೆಲಸಗಳಿಗೆ ಹೋಗುತ್ತಿತ್ತು. ಕಡಲ್ಗಳ್ಳರು ಹಿಡಿದೊಯ್ದವರನ್ನು ಬಿಡಿಸಲು ತಲೆಗೆ ಸುಮಾರು 33 ದೀನಾರು ಬೇಕು, ಮೂವರಿಗೆ 100. ಒಂದು ಊರಿನ ಸಭೆಗೆ ಆಗದಿದ್ದರೆ ಇನ್ನೊಂದು ಊರಿಗೆ ಬರೆದು ಹಣ ಕೂಡಿಸುತ್ತಿದ್ದರು.

ಹಣ ಮುಟ್ಟುವವರ ಬಗ್ಗೆ ಇನ್ನೂ ಹಳೆಯ ಕಟ್ಟಳೆಗಳಿವೆ. ದಾನದ ಹಣ ಎತ್ತಲು ಇಬ್ಬರಿಗೆ ಕಡಿಮೆ ಹೋಗಬಾರದು, ಹಂಚಲು ಮೂವರಿಗೆ ಕಡಿಮೆ ಕೂರಬಾರದು. ಸಂತೆಯಲ್ಲಿ ಹಣ ಎತ್ತುವಾಗ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಅಗಲಬಾರದು. ದಾರಿಯಲ್ಲಿ ತನಗೇ ಒಂದು ನಾಣ್ಯ ಸಿಕ್ಕಿದರೂ ಅದನ್ನು ಆಗ ತನ್ನ ಕಿಸೆಗೆ ಹಾಕಿಕೊಳ್ಳಬಾರದು, ನೋಡಿದವರು ಏನೆಂದುಕೊಂಡಾರು! ಹಬ್ಬದ ವಂತಿಗೆಯ ರಸೀದಿ ಪುಸ್ತಕದ ಬಗ್ಗೆ ಒಂದಾದರೂ ಊರಿನಲ್ಲಿ ಗುಸುಗುಸು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಬೆನ್ ಯಿಜುವಿನ ನಂತರದ ತಲೆಮಾರಿನಲ್ಲಿ ಇದೇ ಫುಸ್ತಾತಿನಲ್ಲಿ ನೆಲೆಸಿದವರು ಮಹಾಪಂಡಿತ, ವೈದ್ಯ ಮೈಮೊನಿಡೀಸ್. ಅವರ ತಮ್ಮ ದಾವೀದ ವ್ಯಾಪಾರಕ್ಕೆಂದು ನಮ್ಮ ದೇಶದ ಕಡೆಗೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಆ ದುಃಖದಲ್ಲಿ ಮೈಮೊನಿಡೀಸ್ ಬಹುಕಾಲ ಹಾಸಿಗೆ ಹಿಡಿದಿದ್ದರು. ಸೆರೆಯಾಳುಗಳ ಬಿಡುಗಡೆಗೆ ಹಣ ಕೂಡಿಸಲು ಊರೂರಿಗೆ ಪತ್ರ ಬರೆದವರಲ್ಲಿ ಅವರೂ ಒಬ್ಬರು. ದಾನಕ್ಕೆ ಅವರು ಎಂಟು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಮುಖ ಗಂಟಿಕ್ಕಿ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೆ, ಪಡೆದವನು ಯಾರೆಂದು ಕೊಟ್ಟವನಿಗೆ ತಿಳಿಯದಿರುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಬಡವನಿಗೆ ಸಾಲವೋ ಪಾಲುದಾರಿಕೆಯೋ ಕೆಲಸವೋ ಕೊಟ್ಟು ಇನ್ನೊಬ್ಬರ ಮುಂದೆ ಕೈಚಾಚದಂತೆ ನಿಲ್ಲಿಸುವುದು. ಹೊಲಿಗೆ ಯಂತ್ರ ಕೊಡುವಾಗ ವೇದಿಕೆ ಹಾಕಿ, ಪಡೆಯುವ ಹೆಣ್ಣುಮಗಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ನಾವು ಯಾವ ಮೆಟ್ಟಿಲಿನಲ್ಲಿದ್ದೇವೆ? ಯಂತ್ರ ಮೇಲಿನ ಮೆಟ್ಟಿಲಿನದು, ಫೋಟೊ ಮಾತ್ರ ಬಹಳ ಕೆಳಗಿನದು.

ಸತ್ತವರು ಮರಳಿ ಕೊಡಲಾರರು

ಯೆಹೂದ್ಯ ಸಭೆಯಲ್ಲಿ ಅತ್ಯಂತ ಗೌರವದ ಸೇವೆ ಯಾವುದೆಂದು ಕೇಳಿದರೆ, ಹೆಣದ ಸೇವೆ ಎನ್ನುತ್ತಾರೆ. ಇದಕ್ಕಾಗಿಯೇ 'ಪವಿತ್ರ ಸಂಘ' ಎಂಬ ಹೆಸರಿನ ಸ್ವಯಂಸೇವಕ ಸಂಘವಿರುತ್ತದೆ. ಪ್ರಾಗ್ ನಗರದ ಪ್ರಸಿದ್ಧ ಸಂಘ 1564ರಲ್ಲಿ ಆರಂಭವಾಯಿತು. ಗಂಡಸರ ದೇಹವನ್ನು ಗಂಡಸರು, ಹೆಂಗಸರ ದೇಹವನ್ನು ಹೆಂಗಸರು ತೊಳೆದು, ಬಿಳಿಯ ಸಾದಾ ಬಟ್ಟೆ ತೊಡಿಸುತ್ತಾರೆ. ಬಡವ, ಶ್ರೀಮಂತ ಎಲ್ಲರಿಗೂ ಒಂದೇ ಬಟ್ಟೆ. ಇದರ ಹಿಂದೆ ಒಂದು ಸಂಗತಿಯುಂಟು. ಪೂರ್ವಕಾಲದಲ್ಲಿ ಶವಸಂಸ್ಕಾರದ ಖರ್ಚು ಸಾವಿಗಿಂತಲೂ ಭಾರವಾಗಿ, ಬಂಧುಗಳು ಹೆಣವನ್ನು ಬಿಟ್ಟು ಓಡಿಹೋಗುವಷ್ಟಾಗಿತ್ತಂತೆ. ಆಗ ಗಮಲಿಯೇಲ ಎಂಬ ನಾಯಕರು ತಮ್ಮ ಹೆಣಕ್ಕೆ ಸಾದಾ ನಾರುಬಟ್ಟೆಯೇ ಸಾಕೆಂದು ಹೇಳಿ ಎಲ್ಲರಿಗೂ ಮೇಲ್ಪಂಕ್ತಿ ಹಾಕಿಕೊಟ್ಟರು. ಈ ಸೇವೆಗೆ 'ನಿಜವಾದ ಕರುಣೆ' ಎಂಬ ಹೆಸರಿದೆ, ಏಕೆಂದರೆ ಸತ್ತವನು ಅದನ್ನು ಮರಳಿ ತೀರಿಸಲಾರ.

ನಮ್ಮ ಕಥೋಲಿಕ ಬೈಬಲ್ಲಿನಲ್ಲಿರುವ ತೊಬೀತನ ಗ್ರಂಥ ಓದಿದವರಿಗೆ ಇದು ಹೊಸದಲ್ಲ. ನಿನೆವೆಯಲ್ಲಿ ಸೆರೆಯಾಗಿದ್ದ ತೊಬೀತ ಹಬ್ಬದೂಟಕ್ಕೆ ಕುಳಿತಿದ್ದಾನೆ, ಬಡವನೊಬ್ಬನನ್ನು ಕರೆತರಲು ಮಗನನ್ನು ಕಳುಹಿಸಿದ್ದಾನೆ. ಮಗ ತಂದ ಸುದ್ದಿ, ಪೇಟೆಯಲ್ಲಿ ಒಬ್ಬ ಕೊಲೆಯಾಗಿ ಬಿದ್ದಿದ್ದಾನೆ ಎಂಬುದು. ತೊಬೀತ ಊಟ ಬಿಟ್ಟು ಎದ್ದ. ಸೂರ್ಯ ಮುಳುಗಿದ ಮೇಲೆ ಗುಂಡಿ ತೋಡಿ ಹೂತ. ನೆರೆಯವರು ನಕ್ಕರು. ಅದೇ ರಾತ್ರಿ ಅವನ ಕಣ್ಣಿಗೆ ಗುಬ್ಬಚ್ಚಿಯ ಹಿಕ್ಕೆ ಬಿದ್ದು ದೃಷ್ಟಿ ಹೋಯಿತು. ಒಳ್ಳೆಯ ಕೆಲಸಕ್ಕೆ ಕೂಡಲೇ ಬಹುಮಾನ ಸಿಗುತ್ತದೆಂದು ಆ ಗ್ರಂಥ ಎಲ್ಲಿಯೂ ಹೇಳುವುದಿಲ್ಲ.

ಹೂಳಿ ಬಂದ ಮೇಲೂ ಸಭೆಯ ಕೆಲಸ ಮುಗಿಯುವುದಿಲ್ಲ. ಏಳು ದಿನ ಮನೆಯವರು ಹೊರಗೆ ಹೋಗುವುದಿಲ್ಲ. ಮೊದಲ ಊಟವನ್ನು ನೆರೆಯವರೇ ತರಬೇಕು, ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಆ ಮನೆಗೇ ಬರುತ್ತಾರೆ. ಬಂದವರು ತಾವಾಗಿ ಮಾತು ತೆಗೆಯಬಾರದು, ದುಃಖದಲ್ಲಿರುವವರು ಬಾಯಿಬಿಟ್ಟ ಮೇಲೆಯೇ ಮಾತು. ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕುಳಿತದ್ದು ಹೀಗೆಯೇ. (ಆ ಗೆಳೆಯರು ಕೆಟ್ಟದ್ದು ಬಾಯಿ ತೆರೆದ ಮೇಲೆ!)

ಬೆಂಗಳೂರಿನಲ್ಲಿ ಇಂದಿಗೂ ಹಳೆಯ ಯೆಹೂದ್ಯ ಮಂದಿರವೆಂಬುದಿಲ್ಲ. ಅಲ್ಲಿದ್ದ ಕೆಲವೇ ಕುಟುಂಬಗಳು ಹಬ್ಬದ ದಿನ ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿ ರೂಬಿನ್ ಮೋಸೆಸ್ ಅವರ ಮನೆಯಲ್ಲಿ ಸೇರುತ್ತಿದ್ದವು. ಆದರೆ ಮೈಸೂರು ರಸ್ತೆಯಲ್ಲಿ ಅವರದೊಂದು ಸ್ಮಶಾನವಿದೆ. ಅದಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಂದಿರಕ್ಕಿಂತ ಮೊದಲು ಸ್ಮಶಾನ ಎಂಬುದು ಯೆಹೂದ್ಯರ ಹಳೆಯ ರೂಢಿ. ಪ್ರಾರ್ಥನೆ ಯಾರ ಮನೆಯಲ್ಲಾದರೂ ಆಗುತ್ತದೆ, ಹೂಳಲು ನೆಲ ಬೇಕಲ್ಲ.

ಮೆಟ್ಟಿಲ ಮೇಲೆ ಕುಳಿತವರು

ಇಲ್ಲಿಯವರೆಗೆ ಓದಿ, ಯೆಹೂದ್ಯರ ಸಭೆಯಲ್ಲಿ ಎಲ್ಲವೂ ಸರಿಯಾಗಿತ್ತು ಎಂದುಕೊಂಡರೆ ಅದು ಸತ್ಯವಾಗಲಾರದು. ನಮಗೆ ಹತ್ತಿರದ ಕೊಚ್ಚಿಯನ್ನೇ ನೋಡಿ. ಮಟ್ಟಾಂಚೇರಿಯ ಪರದೇಶಿ ಮಂದಿರ ಕಟ್ಟಿದ್ದು 1568ರಲ್ಲಿ. ಅದರ 400ನೆಯ ವರ್ಷದ ಉತ್ಸವಕ್ಕೆ 1968ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ಬಂದಿದ್ದರು. ಕೊಚ್ಚಿಯ ಯೆಹೂದ್ಯರಲ್ಲಿ ರಬ್ಬಿಗಳೇ ಇರಲಿಲ್ಲ. ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಹೀಬ್ರೂ ಕಲಿಸುವುದು ಎಲ್ಲ ಸಭೆಯವರದೇ. ಹೆಂಗಸರು ಮಲಯಾಳದಲ್ಲಿ ಬೈಬಲಿನ ಕಥೆಗಳ ಹಾಡು ಕಟ್ಟಿ, ಪುಸ್ತಕಗಳಲ್ಲಿ ಬರೆದಿಟ್ಟು, ತಾಯಿಯಿಂದ ಮಗಳಿಗೆ ದಾಟಿಸಿದರು.

ಇಷ್ಟು ಚೆನ್ನಾಗಿದ್ದ ಸಭೆಯಲ್ಲಿ, ದಾಸರ ಸಂತತಿಯವರೆಂದು ಹೆಸರಾದ ಯೆಹೂದ್ಯರನ್ನು ಸರಿಸಮನಾಗಿ ಕೂರಿಸುತ್ತಿರಲಿಲ್ಲ. ಅವರು ಹೊರಗಿನ ಪಡಸಾಲೆಯಲ್ಲೋ ನೆಲದ ಮೇಲೋ ಕೂರಬೇಕಾಗಿತ್ತು. ಪವಿತ್ರ ಗ್ರಂಥ ಓದುವ ಗೌರವವೂ ಅವರಿಗಿಲ್ಲ. ಆ ಕುಲದಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು, ಕೊಚ್ಚಿಯ ಶಾಸನ ಸಭೆಯ ಸದಸ್ಯರಾದರು. ಹೊರಗೆ ಇಷ್ಟು ಗೌರವ ಪಡೆದವರಿಗೆ ತಮ್ಮದೇ ಮಂದಿರದಲ್ಲಿ ಜಾಗವಿಲ್ಲ! ಸೇಲಂ ಮಂದಿರ ಬಿಟ್ಟು ಬೇರೊಂದು ಕಟ್ಟಲಿಲ್ಲ. ಗಾಂಧೀಜಿಯವರ ಹಾದಿ ಹಿಡಿದು ಸತ್ಯಾಗ್ರಹ ಮಾಡಿದರು. ಜನ ಅವರನ್ನು 'ಯೆಹೂದಿ ಗಾಂಧಿ' ಎಂದರು. ಅಡೆತಡೆಗಳು ಒಂದೊಂದಾಗಿ ಸಡಿಲಗೊಂಡವು. ಆದರೆ ಅಷ್ಟರಲ್ಲಿ ಕಾಲ ಮೀರುತ್ತಿತ್ತು. 1948ರಲ್ಲಿ ಇಸ್ರಯೇಲ್ ರಾಷ್ಟ್ರ ಹುಟ್ಟಿದ ಮೇಲೆ, 1950ರ ದಶಕದಲ್ಲಿ ಕೊಚ್ಚಿ ಪ್ರಾಂತದ ಯೆಹೂದ್ಯರಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಪರದೇಶಿ ಮಂದಿರದಲ್ಲಿ ಸ್ಥಳೀಯರಿಂದಲೇ ಹತ್ತು ಮಂದಿ ಕೂಡುವುದು ನಿಂತುಹೋಗಿ ವರ್ಷಗಳಾದವು. ಒಂದು ಕಾಲದಲ್ಲಿ ಎಣಿಕೆಗೆ ಬೇಡವಾಗಿದ್ದವರು ಇದ್ದಿದ್ದರೆ ಎಂದು ಅಲ್ಲಿ ಯಾರಿಗೂ ಅನ್ನಿಸದೆ ಇರಲಾರದು.

ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಆದಿಸಭೆಯ ಮೊದಲ ಜಗಳವೂ ಇಂಥದೇ. ದಿನದ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಬದಿಗೆ ಸರಿಸುತ್ತಿದ್ದಾರೆಂಬ ದೂರು ಬಂತು. ಪ್ರೇಷಿತರು ಹೇಳಿದಂತೆ ಜನರೇ ಏಳು ಮಂದಿಯನ್ನು ಆರಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಅಂದರೆ ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಬಂದಿರಬೇಕು.

ಕೊಡಗಿನ ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮಾತನಾಡುವವರು ಒಂದೇ ಪೂಜೆಗೆ ಬರುತ್ತಾರೆ. ತೋಟದ ಮಾಲೀಕರೂ ಬರುತ್ತಾರೆ, ಅದೇ ತೋಟದ ಕಾರ್ಮಿಕರೂ ಬರುತ್ತಾರೆ. ಈ ವಾರ ಸಂಜೆಯ ಜಪಸರದ ನಂತರ ತೊಬೀತನ ಗ್ರಂಥದ ಮೊದಲ ಎರಡು ಅಧ್ಯಾಯಗಳನ್ನು ಮಕ್ಕಳಿಂದ ಓದಿಸಿ, ಈ ಪ್ರಶ್ನೆಗಳನ್ನು ಮನೆಯಲ್ಲಿ ಮಾತನಾಡಿಕೊಳ್ಳಬಹುದು. ನಮ್ಮ ಚರ್ಚಿನ ಹಬ್ಬದಲ್ಲಿ ಕುರ್ಚಿ ಹೊರುವವರು ಯಾರು, ಪೀಠದ ಮುಂದೆ ವಾಚನ ಓದುವವರು ಯಾರು? ಇಬ್ಬರೂ ಎಂದಾದರೂ ಕೆಲಸ ಬದಲಾಯಿಸಿಕೊಂಡದ್ದುಂಟೇ? ನಮ್ಮ ವಾರ್ಡಿನಲ್ಲಿ ಕಳೆದ ಸಲ ಸಾವಾದ ಮನೆಗೆ ಮೂರನೆಯ ದಿನ ಊಟ ತಂದವರು ಯಾರು? ಆ ಮನೆಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ?