ಓವರ್‌ಕ್ಲಾಕ್‌ಗೆ ಮೊದಲು ಕೂಲರ್

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಇವೆ. ವಿಡಿಯೊ ಎಡಿಟಿಂಗ್ ನಿಧಾನ. ಓವರ್‌ಕ್ಲಾಕ್ ಮಾಡಬಹುದೇ?
– ಓದುಗರೊಬ್ಬರು, ತೋಡೂರು, ಕಾರವಾರ ತಾಲ್ಲೂಕು

ಉತ್ತರ: ಮಾಡಬಹುದು, ನಿಮ್ಮ ಚಿಪ್, ಬೋರ್ಡ್ ಎರಡರಲ್ಲೂ ಅದಕ್ಕೆ ಅವಕಾಶವಿದೆ. ಆದರೆ ಪ್ರೊಸೆಸರ್ ಜೊತೆ ಬಂದ ಸಣ್ಣ ಕೂಲರ್ ಇಟ್ಟುಕೊಂಡು ಖಂಡಿತ ಬೇಡ. ವೇಗ ಏರಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು, ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.2 ವೋಲ್ಟ್ 1.3 ಆದರೆ, ವೇಗ ಅಷ್ಟೇ ಇದ್ದರೂ, ಶಾಖ ಸುಮಾರು ಶೇ 17 ಹೆಚ್ಚು.

ಗಾಳಿಯದಾಗಲಿ ನೀರಿನದಾಗಲಿ, ಸಾಮಾನ್ಯ ಕೂಲರ್ ಚಿಪ್ಪನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗಿಳಿಸಲಾರದು. 23 ಡಿಗ್ರಿಯ ಎ.ಸಿ. ಕೋಣೆಯಲ್ಲಿ 75 ತೋರಿಸುವ ಪ್ರೊಸೆಸರ್, ಮೇ ತಿಂಗಳ ಕರಾವಳಿಯ 33 ಡಿಗ್ರಿಯಲ್ಲಿ 85ರ ಆಸುಪಾಸಿಗೆ ಬರುತ್ತದೆ. ಈ ಚಿಪ್ಪಿನ ಮಿತಿಯೇ 90. ಯೂಟ್ಯೂಬ್‌ನಲ್ಲಿ ಯಾರೋ ತೋರಿಸಿದ ಅಂಕಿಗಳನ್ನು ಹಾಗೇ ಹಾಕಬೇಡಿ ಎನ್ನುವುದು ಇದಕ್ಕೇ.

120 ಮಿ.ಮೀ. ಫ್ಯಾನಿನ ಟವರ್ ಕೂಲರ್ ಹಾಕಿಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ. ಕ್ಯಾಬಿನೆಟ್‌ಗೆ ಮುಂದಿನಿಂದ ಗಾಳಿ ಬಂದು ಹಿಂದಿನಿಂದ ಹೋಗಲಿ. ಕಡಲ ಉಪ್ಪುಗಾಳಿಯ ತೇವಕ್ಕೆ ದೂಳು ಅಂಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ತೆಗೆಯಿರಿ. ಕಡತಗಳ ಬ್ಯಾಕಪ್ ತೆಗೆದುಕೊಂಡು, ವೇಗವನ್ನು 50 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಸಲ ಸಿನೆಬೆಂಚ್ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. 85 ದಾಟಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಓವರ್‌ಕ್ಲಾಕ್‌ನಿಂದಾದ ಹಾನಿಗೆ ವಾರಂಟಿ ಇಲ್ಲ. 4.4 ಗಿಗಾಹರ್ಟ್ಸ್ 4.6 ಆದರೂ ಸಿಗುವ ಲಾಭ ಶೇ 5ರೊಳಗೆ. ರ‍್ಯಾಮ್ 8 ಜಿಬಿ ಮಾತ್ರ ಇದ್ದರೆ, ಮೊದಲು ಅದನ್ನು 16 ಮಾಡಿಸಿ.