ತಲೆಬುರುಡೆಯ ತೊಂದರೆಯಿರುವ ಕೂಸಿಗೆ ಕಣ್ಣಿನ ತಪಾಸಣೆ

ಕೂಸಿನ ತಲೆಬುರುಡೆ ಹಲವು ಮೂಳೆಗಳ ಜೋಡಣೆ. ನಡುವಿನ ಸಂದುಗಳು ಅವಧಿಗೆ ಮುನ್ನವೇ ಬೆಸೆದುಕೊಂಡರೆ ಅದು ಕ್ರೇನಿಯೋಸಿನೋಸ್ಟೋಸಿಸ್. ಸುಮಾರು 2,000ದಿಂದ 2,500 ಶಿಶುಗಳಲ್ಲಿ ಒಂದಕ್ಕೆ ಇದು ಕಾಣಿಸುತ್ತದೆ. ಬೆಳೆಯುವ ಮಿದುಳಿಗೆ ಜಾಗ ಸಾಲದೆ ಒತ್ತಡ ಏರಿದರೆ ಕಣ್ಣಿನ ನರ ಊದಿಕೊಳ್ಳಬಹುದು. ಮೆಳ್ಳೆಗಣ್ಣು, ದೃಷ್ಟಿದೋಷಗಳೂ ಜೊತೆಗೂಡಬಹುದು. ಹಾಗಾಗಿ ನರಶಸ್ತ್ರತಜ್ಞರ ಜೊತೆಗೆ ಮಕ್ಕಳ ಕಣ್ಣಿನ ತಜ್ಞರೂ ಮಗುವನ್ನು ನೋಡಬೇಕು.

ಬೆಂಗಳೂರಿನಲ್ಲಿ ಶಿವಾಜಿನಗರ, ಹಲಸೂರಿನವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರ. ಮಿಂಟೋ ಕಣ್ಣಿನ ಆಸ್ಪತ್ರೆಗೆ ಬರೆದುಕೊಟ್ಟರೆ ಕೆ.ಆರ್. ಪುರ, ಇಂದಿರಾನಗರದವರು ನೇರಳೆ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬಹುದು.

ಹೊರಡುವ ಮುನ್ನ ತಾಯಿ ಕಾರ್ಡು, ಸ್ಕ್ಯಾನ್ ಚಿತ್ರಗಳು, ತಲೆಯ ಸುತ್ತಳತೆಯ ದಾಖಲೆ, ಔಷಧಿಗಳ ಪಟ್ಟಿ ಒಂದೇ ಚೀಲದಲ್ಲಿರಲಿ. ಮಗುವಿನ ಕಣ್ಣು ಓರೆಯಾದಾಗ ಮೊಬೈಲಿನಲ್ಲಿ ತೆಗೆದ ಚಿತ್ರಗಳು ವೈದ್ಯರಿಗೆ ನೆರವಾಗುತ್ತವೆ. ಕಣ್ಣಿನ ಪಾಪೆ ಹಿಗ್ಗಿಸಲು ಹನಿ ಹಾಕುವುದರಿಂದ ಅರ್ಧ ಗಂಟೆಗೂ ಹೆಚ್ಚು ಕಾಯಬೇಕಾಗುತ್ತದೆ; ಬೆಳಕು ಚುಚ್ಚದಂತೆ ಟೋಪಿ, ಬದಲಿ ಬಟ್ಟೆ, ಜೊತೆಗೊಬ್ಬರು ಹಿರಿಯರು ಇದ್ದರೆ ಅನುಕೂಲ. ಹಾಲೂಡಿಸುವ ಹೊತ್ತನ್ನು ಮೊದಲೇ ಕೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ ಕೂಸು ಅಳುವುದು ಸಹಜ.

ವೈದ್ಯರನ್ನು ಕೇಳಬೇಕಾದ್ದು ಮೂರು: ನರ ಊದಿದೆಯೇ, ಕನ್ನಡಕ ಬೇಕೇ, ಮುಂದಿನ ತಪಾಸಣೆ ಯಾವಾಗ? ನರ ಸರಿಯಾಗಿ ಕಂಡ ಮಾತ್ರಕ್ಕೆ ಒತ್ತಡವಿಲ್ಲವೆಂದು ಅರ್ಥವಲ್ಲ; ಮರುತಪಾಸಣೆ ತಪ್ಪಿಸಬಾರದು.

ನೆತ್ತಿ ಉಬ್ಬಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಕೂಸು ಮಂಕಾದರೆ ಗೊತ್ತುಪಡಿಸಿದ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.