ಹಂಚಿಕೆಯ ಸ್ಮೃತಿಯಲ್ಲಿ ದತ್ತಾಂಶದ ರಕ್ಷಣೆ: ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ

ಜಾನಪದ ಹಾಗೂ ಉಪಭಾಷಾ ಅಧ್ಯಯನಗಳ ಕ್ಷೇತ್ರಸಾಮಗ್ರಿ ಟಿಪ್ಪಣಿ ಪುಸ್ತಕದಿಂದ ಗಣಕಯಂತ್ರದ ಡೇಟಾಬೇಸಿಗೆ ಸಾಗಿದೆ. ಹಾಡು, ಕತೆಗಳ ಜೊತೆಗೆ ವಕ್ತೃವಿನ ಹೆಸರು, ಊರು, ಜಾತಿ, ವಯಸ್ಸುಗಳೂ ಅಲ್ಲಿ ದಾಖಲಾಗುತ್ತವೆ. ಹೆಸರು ಹೊರಬೀಳದೆಂದು ಸಂಶೋಧಕರು ಕೊಟ್ಟ ಮಾತನ್ನು ಯಂತ್ರವೂ ಉಳಿಸಬಲ್ಲುದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಡಿಸ್ಕಿನ ಕಡತಗಳನ್ನು ಗೂಢಲಿಪಿಗೆ ತಿರುಗಿಸಿದರೆ ರಕ್ಷಣೆ ಪೂರ್ಣವಾಯಿತೆಂಬ ಭಾವನೆ ವ್ಯಾಪಕವಾಗಿದೆ. ಇದು ಅರ್ಧಸತ್ಯ ಮಾತ್ರ. ಡೇಟಾಬೇಸು ಪ್ರತಿ ಪ್ರಶ್ನೆಗೂ ಡಿಸ್ಕನ್ನು ಓದುವುದಿಲ್ಲ. ಒಮ್ಮೆ ಓದಿದ ಪುಟಗಳನ್ನು ಸ್ಮೃತಿಯ ಒಂದು ಹಂಚಿಕೆಯ ಭಾಗದಲ್ಲಿರಿಸಿಕೊಂಡು ಎಲ್ಲ ಬಳಕೆದಾರರಿಗೂ ಅಲ್ಲಿಂದಲೇ ಒದಗಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಈ ಪುಟಗಳ ಗಾತ್ರ ಸಾಮಾನ್ಯವಾಗಿ 8 ಕಿಲೋಬೈಟ್. ಆರಕಲ್‌ನಲ್ಲಿ ಈ ಭಾಗಕ್ಕೆ ಎಸ್‌ಜಿಎ ಎಂದು ಹೆಸರು. ಅಲ್ಲಿ ಕಾಲಂ ಮಟ್ಟದ ಗೂಢಲಿಪೀಕರಣದಲ್ಲಿ ಮೌಲ್ಯವು ಎಸ್‌ಜಿಎಯಲ್ಲಿಯೂ ಗೂಢವಾಗಿಯೇ ಉಳಿಯುತ್ತದೆ. ಟೇಬಲ್‌ಸ್ಪೇಸ್ ಮಟ್ಟದಲ್ಲಿ ಮಾಡಿದರೆ ಸ್ಮೃತಿಗೆ ಬರುವಾಗಲೇ ಬಿಡಿಸಲ್ಪಡುತ್ತದೆ. ಈ ಭೇದ ಗಮನಾರ್ಹ.

ಸ್ಮೃತಿಯೇ ಸುರಕ್ಷಿತವಲ್ಲವೆಂಬುದಕ್ಕೆ ನಿದರ್ಶನಗಳುಂಟು. ವಿದ್ಯುತ್ ಕಡಿತವಾದ ಮೇಲೂ ಸ್ಮೃತಿಯ ಅಂಶಗಳು ಸ್ವಲ್ಪ ಕಾಲ ಉಳಿಯುವುದನ್ನೂ ತಂಪುಗೊಳಿಸಿದರೆ ಇನ್ನೂ ಹೆಚ್ಚು ಕಾಲ ಉಳಿಯುವುದನ್ನೂ ಪ್ರಿನ್ಸ್‌ಟನ್ ಸಂಶೋಧಕರು 2008ರಲ್ಲಿ ತೋರಿಸಿದರು. 2014ರ ಹಾರ್ಟ್‌ಬ್ಲೀಡ್ ದೋಷದಿಂದ ಒಂದೊಂದು ಕೋರಿಕೆಗೂ 64 ಕಿಲೋಬೈಟ್‌ವರೆಗೆ ಸರ್ವರ್ ಸ್ಮೃತಿ ಹೊರಗಿನವರಿಗೆ ದೊರೆಯುತ್ತಿತ್ತು. 2018ರಲ್ಲಿ ಬಯಲಾದ ಮೆಲ್ಟ್‌ಡೌನ್, ಪ್ರೊಸೆಸರಿನ ದೋಷ; ಸಾಮಾನ್ಯ ಪ್ರೋಗ್ರಾಂ ಕೂಡ ಕಾರ್ಯವ್ಯವಸ್ಥೆಯ ಸ್ಮೃತಿಯನ್ನು ಓದಬಹುದಿತ್ತು.

ಡೇಟಾಬೇಸಿಗೆ ಪ್ರತ್ಯೇಕ ಯಂತ್ರ ಮತ್ತು ಖಾತೆಯನ್ನು ಕೊಡುವುದು, ಹಂಚಿಕೆಯ ಸ್ಮೃತಿಯು ಡಿಸ್ಕಿಗೆ ಜಾರದಂತೆ ತಡೆಯುವುದು, ಪ್ರೋಗ್ರಾಂ ಕುಸಿದಾಗ ಸ್ಮೃತಿಯ ಪ್ರತಿ ಉಳಿಯದಂತೆ ನೋಡಿಕೊಳ್ಳುವುದು ಮೊದಲ ಕ್ರಮಗಳು. ಆದರೂ ಯಂತ್ರದ ಪೂರ್ಣಾಧಿಕಾರವುಳ್ಳವರಿಂದ ಇವು ಕಾಪಾಡಲಾರವು. ಹೆಸರನ್ನು ಡೇಟಾಬೇಸಿಗೆ ಕಳುಹಿಸುವ ಮೊದಲೇ ಗೂಢಗೊಳಿಸಿ, ಕೀಲಿಯನ್ನು ಬೇರೆಡೆ ಇರಿಸಿದರೆ ಹಂಚಿಕೆಯ ಸ್ಮೃತಿಯಲ್ಲಿ ಗೂಢರೂಪವಷ್ಟೇ ಇರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ಆ ಕಾಲಂನಲ್ಲಿ ಅಕಾರಾದಿ ಜೋಡಣೆಯಾಗಲಿ ಪದದ ತುಣುಕಿನ ಹುಡುಕಾಟವಾಗಲಿ ಡೇಟಾಬೇಸಿಗೆ ಸಾಧ್ಯವಾಗದು. ಹಾಡಿನ ಪಠ್ಯಕ್ಕೆ ಇವು ಅಗತ್ಯ. ವಕ್ತೃವಿನ ಹೆಸರಿಗೆ ಅಗತ್ಯವಿಲ್ಲ. ಆದುದರಿಂದ ಪಠ್ಯವನ್ನು ತೆರೆದಿಟ್ಟು ಹೆಸರನ್ನು ಗೂಢವಾಗಿಡುವುದು ಯುಕ್ತ.

ಆದರೆ ಚಿಕ್ಕ ಊರಿನಲ್ಲಿ ಜಾತಿ, ವಯಸ್ಸುಗಳೇ ವ್ಯಕ್ತಿಯನ್ನು ಗುರುತಿಸಬಲ್ಲವು. ಅವುಗಳಲ್ಲಿ ಯಾವುದನ್ನು ದಾಖಲಿಸಬೇಕೆಂಬ ವಿವೇಚನೆ ಯಂತ್ರದ್ದಲ್ಲ, ಸಂಶೋಧಕರದು. ದಾಖಲಾಗದ ಮಾಹಿತಿ ಯಾವ ಸ್ಮೃತಿಯಿಂದಲೂ ಸೋರದು.